ಬೇರೆ ನಂಬರಿನ ಮುಚ್ಚಳ

ಅಂಗಡಿಯಿಂದ,
ಹದಿನಾಲ್ಕನೇ ತಾರೀಕು, ಸೋಮವಾರ ಮಧ್ಯಾಹ್ನ

ಪ್ರೀತಿಯ ಗುಂಡನಿಗೆ,

ಅಕ್ಕನ ಆಶೀರ್ವಾದಗಳು. ಹೇಗಿದ್ದೀಯ? ಹಡಗಿನ ಅಡುಗೆಮನೆಯಲ್ಲಿ ಎಣ್ಣೆ ಸಿಡಿದು ಮುಂಗೈ ಸುಟ್ಟಿತು ಎಂದು ಬರೆದಿದ್ದೆಯಲ್ಲ, ವಾಸಿಯಾಯಿತೆ? ಗುಳ್ಳೆಯನ್ನು ಒಡೆಯಲು ಹೋಗಬೇಡ. ಚಿಕ್ಕಂದಿನಿಂದ ನಿನಗೆ ಗಾಯ ಕೆರೆಯದಿದ್ದರೆ ನಿದ್ದೆ ಬರುವುದಿಲ್ಲ. ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ, ಆದ್ದರಿಂದ ಚಿಂತೆಗೆ ಕಾರಣವಿಲ್ಲ. ನನ್ನ ಎಡಗಣ್ಣು ಭೂತಗನ್ನಡಿಯ ಹಿಂದೆ ಕೂತೂ ಕೂತೂ ದಣಿದಿದೆಯಂತೆ, ಡಾಕ್ಟರು ದಿನಕ್ಕೆ ಎರಡು ಗಂಟೆ ದೂರ ನೋಡಿ ಎಂದಿದ್ದಾರೆ. ಅಪ್ಪನ ಈ ವಾಚ್ ರಿಪೇರಿ ಅಂಗಡಿಯಿಂದ ದೂರ ನೋಡಿದರೆ ಕಾಣುವುದು ಎದುರಿನ ಚಪ್ಪಲಿ ಅಂಗಡಿ.

ನೀನು ಕಳಿಸಿದ ಪಾರ್ಸೆಲ್ ಕಳೆದ ವಾರ ಬಂತು. ಹೆಡ್ ಕುಕ್ ಆಗುವ ದಿನ ಅಪ್ಪನ ವಾಚು ಕಟ್ಟಿಕೊಳ್ಳಬೇಕು, ಆದರೆ ಅದು ತುಂಬ ಸಪ್ಪೆ, ಈ ಸಾಮಾನುಗಳನ್ನೆಲ್ಲ ಹಾಕಿ ಹಳೇ ಕಾಲದ ವಾಚಿನ ಥರ ಮಾಡಿಕೊಡು ಎಂದು ಚೀಟಿ ಇಟ್ಟಿದ್ದೀಯ. ಅದು ಹಳೇ ಕಾಲದ ವಾಚೇ ಕಣೋ. ಹಳೆಯದನ್ನು ಹಳೆಯದರ ಥರ ಮಾಡಲು ಹೊಸ ಸಾಮಾನು ತರಿಸಿದವನು ನಮ್ಮ ಮನೆಯಲ್ಲಿ ನೀನೇ ಮೊದಲು. ಒಂದೊಂದನ್ನೇ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಇಟ್ಟು ನೋಡಿದೆ. ಡಯಲ್ ಮೊನ್ನೆ ಮೊನ್ನೆ ಕಾರ್ಖಾನೆಯಿಂದ ಬಂದದ್ದು, ಮೈತುಂಬ ಕಂದು ಕಲೆ, ಯಾರೋ ಟೀ ಚೆಲ್ಲಿ ಒರೆಸದೆ ಎದ್ದು ಹೋದ ಹಾಗೆ. ಮುಳ್ಳುಗಳಿಗೆ ಕತ್ತಲಲ್ಲಿ ಹೊಳೆಯುವ ಬಣ್ಣ ಬಳಿದಿದ್ದಾರೆ, ಅದೂ ಹೊಸತಾಗಿ ಕಾಣಬಾರದೆಂದು ತಿಕ್ಕದ ಹಲ್ಲಿನ ಹಳದಿಯಲ್ಲಿ. ಗಾಜಿನ ಸುತ್ತ ತಿರುಗುವ ಬಳೆ ಬೇರೆ ಇದೆ, ಸಮುದ್ರದೊಳಗೆ ಮುಳುಗುವವರು ಹೊತ್ತು ಲೆಕ್ಕ ಹಾಕುವಂಥದ್ದು. ನೀನು ಹಡಗಿನಲ್ಲಿದ್ದೂ ಈಜು ಬಾರದವನು. ಎಲ್ಲಕ್ಕಿಂತ ಮೇಲೆ ಆ ಗಾಜಿನ ಹಿಂಬದಿ ಮುಚ್ಚಳ. ಅಪ್ಪ ಬದುಕಿಸಿದ ಮೆಷಿನ್ ಎಲ್ಲರಿಗೂ ಕಾಣಬೇಕು ಎಂದು ಅದರ ಪಕ್ಕ ಬರೆದಿದ್ದೀಯ. ಈ ಮುಚ್ಚಳದ ಮಾತಿಗೆ ಆಮೇಲೆ ಬರುತ್ತೇನೆ.

ಅಕ್ಕನಿಗೆ ಮಡಿ ಜಾಸ್ತಿಯಾಯಿತು ಎಂದುಕೊಳ್ಳಬೇಡ. ಕೊಳೆಯೆಂದರೆ ನನಗೆ ಹೇಸಿಗೆಯಿಲ್ಲ. ಜನರ ವಾಚಿನ ಮುಚ್ಚಳದ ಅಂಚಿನಲ್ಲಿ ಬೆವರು, ಸೋಪು, ಸತ್ತ ಚರ್ಮ ಎಲ್ಲ ಸೇರಿ ಕರಿಮೇಣದಂತೆ ಕಟ್ಟಿರುತ್ತದೆ. ಅದನ್ನು ಕಡ್ಡಿಯಿಂದ ಕೆರೆದು ತೆಗೆದು, ಕೈ ತೊಳೆದು, ಅದೇ ಮೇಜಿನ ಮೇಲೆ ಊಟದ ಡಬ್ಬಿ ಬಿಚ್ಚುವವಳು ನಾನು. ಅದು ದುಡಿದ ಮೈಯ ಕೊಳೆ. ಆದರೆ ಕಾರ್ಖಾನೆಯಲ್ಲಿ ಕೂತು ಹೊಸ ಡಯಲಿಗೆ ಹಳೇ ಕೊಳೆ ಬರೆಯುತ್ತಾರಲ್ಲ, ಅದನ್ನು ಕಂಡರೆ ನನಗೆ ವಾಕರಿಕೆ. ಹೊರಗಿನ ಬಿಡಿಭಾಗ ಹಾಕಲೇಬಾರದು ಎನ್ನುವವಳೂ ಅಲ್ಲ. ಸವೆದದ್ದು ಸವೆದೇ ಹೋಗಿರುತ್ತದೆ, ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿರುತ್ತದೆ, ಸಿಕ್ಕಿದ್ದನ್ನು ಹಾಕಿ ಓಡಿಸಬೇಕು, ಹಾಕಿದ್ದನ್ನು ಹೇಳಬೇಕು, ಅಷ್ಟೇ. ಈಗಿನ ಗಿರಾಕಿಗಳಿಗೆ ಅದು ಬೇಡ. ಹೋದ ತಿಂಗಳು ಹಲ್ಲಿನ ಡಾಕ್ಟರೊಬ್ಬರು ಹೊಚ್ಚ ಹೊಸ ವಾಚು ಕೊಟ್ಟು, ಸ್ವಲ್ಪ ಗೀರು ಹಾಕಿಕೊಡಿ, ತಾತನದ್ದು ಅನ್ನಿಸಬೇಕು ಅಂದರು. ಮಾತಿನ ಮಧ್ಯೆ ಕೇಳಿದರೆ ಅವರ ತಾತ ವಾಚೇ ಕಟ್ಟುತ್ತಿರಲಿಲ್ಲವಂತೆ. ಗೀರು ಹಾಕಿಕೊಟ್ಟೆ. ಅವತ್ತು ರಾತ್ರಿ ಊಟ ಸೇರಲಿಲ್ಲ.

ಹೋಗಲಿ, ತಮ್ಮನ ಆಸೆ ಎಂದು ಗುರುವಾರ ಅಪ್ಪನ ವಾಚನ್ನು ಬೀರುವಿನಿಂದ ತೆಗೆದೆ. ಅವರು ಹೋದ ಮೇಲೆ ಈ ಎರಡು ವರ್ಷ ನಾನದನ್ನು ಬಿಚ್ಚಿರಲಿಲ್ಲ. ಬಿಚ್ಚುವ ಧೈರ್ಯವೂ ಇರಲಿಲ್ಲ, ಅವರ ಕೈಯ ಬಿಸಿ ಅದರಲ್ಲಿ ಇದೆ ಎಂಬ ಹುಚ್ಚು. ಹಿಂಬದಿ ಮುಚ್ಚಳ ತಿರುಗಿಸಿದೆ. ಒಳಗೆ ಮೆಷಿನ್ ಎಷ್ಟು ಚೆನ್ನಾಗಿತ್ತು ಗೊತ್ತೆ, ಒಂದು ಸ್ಕ್ರೂವಿನ ತಲೆಯೂ ಕೆಟ್ಟಿಲ್ಲ, ತುಕ್ಕಿನ ಸುಳಿವಿಲ್ಲ. ಹನ್ನೆರಡು ವರ್ಷದ ಹಿಂದೆ ಈ ವಾಚು ನೀರಿನ ತೊಟ್ಟಿಗೆ ಬಿದ್ದು ಎರಡು ದಿನ ತಳದಲ್ಲಿತ್ತು, ಅಪ್ಪ ಎಂಟು ದಿನ ಕೂತು ಬದುಕಿಸಿದರು ಎಂದು ನೀನು ಬಂದರಿನಿಂದ ಬಂದರಿಗೆ ಹೇಳಿಕೊಂಡು ತಿರುಗುವವನಲ್ಲವೆ? ಎರಡು ದಿನ ನೀರು ಕುಡಿದ ಮೆಷಿನ್ ಎಷ್ಟೇ ತೊಳೆದರೂ ಎಲ್ಲಾದರೂ ಒಂದು ಕಂದು ಚುಕ್ಕೆ ಉಳಿಸಿಕೊಂಡಿರುತ್ತದೆ. ಇದರಲ್ಲಿ ಇರಲಿಲ್ಲ. ಆಮೇಲೆ ನಂಬರು ನೋಡಿದೆ. ಈ ಕಂಪನಿಯವರು ಮೆಷಿನ್ ಮೇಲೆ ಕೆತ್ತಿದ ನಂಬರನ್ನೇ ಮುಚ್ಚಳದ ಒಳಮೈಗೂ ಕೆತ್ತುತ್ತಿದ್ದರು. ಅಪ್ಪನ ವಾಚಿನಲ್ಲಿ ಮುಚ್ಚಳದ ನಂಬರೇ ಬೇರೆ, ಮೆಷಿನ್ನಿನ ನಂಬರೇ ಬೇರೆ. ಎಲ್ಲಿಂದಲೋ ಒಂದು ಹಳೇ ಮೆಷಿನ್ ಕೊಂಡು ಹಾಕಿರಬೇಕು, ಹೇಳಲು ನಾಚಿಕೆಯಾಗಿರಬೇಕು ಎಂದು ಅವರ ಪರವಾಗಿ ನಾನೇ ಸಬೂಬು ಹುಡುಕಿದೆ.

ಶುಕ್ರವಾರ ಹೊಲಿಗೆ ಅತ್ತೆ ಬಂದರು. ನಿನಗೆ ಶಾಲೆಯ ಚಡ್ಡಿ ಹೊಲಿದು ಕೊಡುತ್ತಿದ್ದರಲ್ಲ, ಮೂಲೆಮನೆಯವರು, ಅವರೇ. ಅವರ ಯಜಮಾನರು ಬಸ್ ಡ್ರೈವರ್. ಆ ಬಸ್ಸು ತಿರುವಿಗೆ ಬಂದರೆ ಜನ ಗೋಡೆಯ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಅವರೂ ಅಪ್ಪನೂ ಒಂದೇ ವರ್ಷ ಒಂದೇ ಕಂಪನಿಯ ಒಂದೇ ಬಗೆಯ ವಾಚು ಕೊಂಡವರು. ಡ್ರೈವರು ತೀರಿಕೊಂಡ ಮೇಲೆ ಆ ವಾಚು ಅತ್ತೆಯ ಕೈಯಲ್ಲಿದೆ, ಉದ್ದವಾದ ಪಟ್ಟಿಗೆ ಇನ್ನೊಂದು ತೂತು ಕೊರೆಸಿ ಕಟ್ಟಿಕೊಳ್ಳುತ್ತಾರೆ. ಅದು ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುತ್ತದೆ, ತಿಂಗಳಿಗೊಮ್ಮೆಯಾದರೂ ತಂದು ತೋರಿಸುತ್ತಾರೆ. ನಾನು ಒಂದು ದಿನವೂ ಮುಚ್ಚಳ ತೆಗೆದಿರಲಿಲ್ಲ. ಸದ್ದು ಕೇಳಿಯೇ ಮೆಷಿನ್ನಿನ ಜಾತಕ ಹೇಳುತ್ತೇನೆ ಎಂಬ ಜಂಬ ನನಗೆ. ಕಿವಿಗೆ ಹಿಡಿದು, ಇದು ಅಗ್ಗದ ಮೆಷಿನ್ ಅತ್ತೆ, ಕಂಪನಿಯದ್ದೇ ಅಲ್ಲ, ಕೊಳ್ಳುವಾಗ ಯಾರೋ ನಿಮ್ಮ ಯಜಮಾನರಿಗೆ ಟೋಪಿ ಹಾಕಿದ್ದಾರೆ ಅಂದಿದ್ದೆ. ಅವರು ಸಿಟ್ಟಾಗಲಿಲ್ಲ. "ಇರ್ಬೋದಮ್ಮ, ಅವರು ಎಲ್ಲರನ್ನೂ ನಂಬೋರು" ಅಂದರು. ಆಮೇಲೆ ಮಕ್ಕಳ ಮುಂದೆಯೂ ಅದನ್ನೇ ಹೇಳತೊಡಗಿದರಂತೆ, ನಿಮ್ಮಪ್ಪನಿಗೆ ವ್ಯಾಪಾರ ಗೊತ್ತಿರಲಿಲ್ಲ ಎಂದು.

ಈ ಸಲ, ಹಿಂದಿನ ದಿನವಷ್ಟೇ ಅಪ್ಪನದ್ದನ್ನು ನೋಡಿದ್ದೆನಲ್ಲ, ಇಟ್ಟು ಹೋಗಿ ಅತ್ತೆ ಅಂದೆ. ಅವರು ಬಾಗಿಲು ದಾಟಿದ ಮೇಲೆ ಮುಚ್ಚಳ ತೆಗೆದೆ. ಒಳಗೆ ಅಗ್ಗದ ಸಣ್ಣ ಮೆಷಿನ್, ಅಲುಗಾಡದಂತೆ ಸುತ್ತಲೂ ರಟ್ಟಿನ ಪಟ್ಟಿ ತುರುಕಿದ್ದಾರೆ. ರಟ್ಟಿನ ತುದಿಯನ್ನು ಓರೆಯಾಗಿ ಕತ್ತರಿಸಿ ಒಂದರೊಳಗೊಂದು ಕೂಡಿಸಿದ ರೀತಿ ನನಗೆ ಚೆನ್ನಾಗಿ ಗೊತ್ತು, ಹಾಗೆ ಕತ್ತರಿಸಲು ನನಗೆ ಕಲಿಸಿದವರು ಅಪ್ಪ. ಮುಚ್ಚಳದ ನಂಬರು ಓದಿದೆ. ಅಪ್ಪನ ವಾಚಿನ ಮೆಷಿನ್ ಮೇಲಿದ್ದ ನಂಬರು, ಕೊನೆಯ ಅಂಕಿಯವರೆಗೆ. ಅದರ ಕೆಳಗೆ ರಿಪೇರಿ ಮಾಡಿದವರು ಸೂಜಿಯಿಂದ ಗೀಚಿಡುವ ಗುರುತು ಮತ್ತು ತಾರೀಕು. ಗುರುತು ಅಪ್ಪನದು. ತಾರೀಕು ಡ್ರೈವರು ತೀರಿಕೊಂಡು ತಿಂಗಳೂ ತುಂಬದ ದಿನದ್ದು, ನಮ್ಮ ತೊಟ್ಟಿಯ ಕಥೆಯ ಅದೇ ವಾರದ್ದು. ಗಂಡನ ವಾಚು ನಿಂತು ಹೋಗಿದೆ ಎಂದು ಆಕೆ ಅಳುತ್ತಾ ತಂದುಕೊಟ್ಟಿರಬೇಕು, ಇವರು ಒಳ್ಳೆಯ ಮೆಷಿನ್ನನ್ನು ತಮ್ಮದಕ್ಕೆ ಇಳಿಸಿಕೊಂಡು ಆಕೆಗೆ ಕಸ ತುಂಬಿಕೊಟ್ಟಿದ್ದಾರೆ. ಸಣ್ಣ ಮೆಷಿನ್ನಿಗೆ ಕೂರಿಸಲು ಆಕೆಯ ಡಯಲಿನ ಹಿಂದೆ ಮೆಷಿನ್ನಿಗೆ ಸಿಕ್ಕಿಸುವ ಎರಡು ಪುಟ್ಟ ಕಾಲನ್ನೂ ಕತ್ತರಿಸಿ, ಅಂಟು ಹಾಕಿ ಮೆತ್ತಿದ್ದಾರೆ. ಅಂಟು ಕಂದಾಗಿ ಒಸರಿತ್ತು, ಮೂಗಿನ ಹತ್ತಿರ ತಂದರೆ ವಾಸನೆ. ಆ ವಾಸನೆ ತಾಳದೆ ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ. ಮೇಜಿನ ಮೇಲೆ ಅಪ್ಪನ ಚಿಮಟ ಇತ್ತು. ಹದಿನೈದು ವರ್ಷದಿಂದ ಹಿಡಿದ ಚಿಮಟವನ್ನು ಅವತ್ತು ಮುಟ್ಟಲಾಗಲಿಲ್ಲ.

ಅಪ್ಪ ಅಂದರೆ ನನಗೆ ಏನು ಎಂದು ನಿನಗೆ ಗೊತ್ತು. ಈಗ ಬರೆಯುವುದಕ್ಕೂ ಸಂಕಟವಾಗುತ್ತದೆ, ಆದರೂ ಬರೆಯುತ್ತೇನೆ: ನನಗೆ ಅವರ ಮೇಲೆ ಅಸಹ್ಯ ಬಂದಿದೆ. ಬಡತನಕ್ಕೆ ಮಾಡಿದ್ದರೆ ಕರಗುತ್ತಿದ್ದೆ. ಇದು ತೊಟ್ಟಿಗೆ ಬೀಳಿಸಿಕೊಂಡ ತನ್ನ ವಾಚನ್ನು ಬದುಕಿಸಲಾಗಲಿಲ್ಲ ಎಂದು ಒಪ್ಪದ ಜಂಬಕ್ಕೆ ಮಾಡಿದ್ದು. ಆಮೇಲೆ ಹತ್ತು ವರ್ಷ ಅದೇ ಕೈಯನ್ನು ಎತ್ತಿ, ಮುಗುಳ್ನಗುತ್ತ, ಆಕೆಗೇ ಟೈಮು ಹೇಳಿದ್ದಾರೆ. ನನ್ನ ಮೇಲೂ ಅಷ್ಟೇ ಹೇಸಿಗೆ. ಕದ್ದವರು ಅವರು, ಸತ್ತ ಮನುಷ್ಯನನ್ನು ಪೆದ್ದನೆಂದು ಅವನ ಹೆಂಡತಿಗೇ ಹೇಳಿದವಳು ನಾನು, ಅದೂ ಮುಚ್ಚಳ ತೆಗೆಯುವ ಸೋಮಾರಿತನಕ್ಕೆ.

ಅಮ್ಮನಿಗೆ ಹೇಳಿದೆ. ತರಕಾರಿ ಹೆಚ್ಚುತ್ತಿದ್ದವರು ತಲೆಯೆತ್ತಲಿಲ್ಲ. "ಅವಳ ಹತ್ರ ಇದ್ದಿದ್ರೆ ಡ್ರಾಯರಲ್ಲಿ ಬಿದ್ದಿರ್ತಿತ್ತು. ನಿಮ್ಮಪ್ಪನ ಕೈಲಿ ಓಡಾಡ್ಕೊಂಡಿತ್ತಲ್ಲ" ಅಂದರು. ಅಮ್ಮನಿಗೆ ಗೊತ್ತಿತ್ತು, ಗುಂಡ. ಹನ್ನೆರಡು ವರ್ಷ ಗೊತ್ತಿತ್ತು, ಅತ್ತೆಯೂ ಅವರೂ ಒಂದೇ ಕಟ್ಟೆಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಾಗಲೂ ಗೊತ್ತಿತ್ತು. ಆಮೇಲೆ ಚಾಕು ಕೆಳಗಿಟ್ಟು, ಸುಮ್ಮನೆ ಸರಿಮಾಡಿ ಕೊಟ್ಟುಬಿಡು, ಬಾಯಿ ಬಿಡಬೇಡ, ಈ ಬೀದಿಯಲ್ಲಿ ನಾನಿನ್ನೂ ಬದುಕಬೇಕು ಅಂದರು. ನಾನು ಹೂಂ ಅಂದೆ.

ಶನಿವಾರ, ಭಾನುವಾರ ಅಂಗಡಿ ಮುಚ್ಚಿ ಕೂತೆ. ಅಪ್ಪನ ವಾಚಿನಿಂದ ಡ್ರೈವರ ಮೆಷಿನ್ ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು, ಅದರ ಮನೆಗೆ ಅದನ್ನು ಸೇರಿಸಿದೆ. ಮುಳ್ಳುಗಳು ಅಪ್ಪನ ವಾಚಿನವೇ ಸರಿಹೊಂದಿದವು, ಅವನ್ನೂ ಹಾಕಿದೆ. ಡಯಲಿಗೆ ಕಾಲಿಲ್ಲದ್ದರಿಂದ ನಿನ್ನ ಪಾರ್ಸೆಲ್ಲಿನಲ್ಲಿದ್ದ ಎರಡೂ ಬದಿ ಅಂಟುವ ಪುಟ್ಟ ಅಂಟುಬೊಟ್ಟುಗಳಲ್ಲಿ ಎರಡನ್ನು ಬಳಸಿದ್ದೇನೆ. ನಿನ್ನೆ ರಾತ್ರಿಯೆಲ್ಲ ಇಟ್ಟು ನೋಡಿದೆ, ಅರ್ಧ ನಿಮಿಷವೂ ತಪ್ಪಿಲ್ಲ. ನೀನು ಕೇಳಿದ ಅಪ್ಪನ ವಾಚು ಈಗ ಒಳಗೆ ಏನೂ ಇಲ್ಲದ ಬರೀ ಕವಚ. ಗಾಜಿನ ಮುಚ್ಚಳದ ಜೊತೆ ಕಳಿಸುತ್ತಿದ್ದೇನೆ. ಒಳಗೆ ಏನು ತೋರಿಸಬೇಕು ಎನ್ನುವುದನ್ನು ನೀನೇ ಯೋಚಿಸು. ಉಳಿದ ಸಾಮಾನೂ ಡಬ್ಬಿಯಲ್ಲಿದೆ.

ಕೈಗೆ ಮುಲಾಮು ಹಚ್ಚು, ಹೊತ್ತಿಗೆ ಸರಿಯಾಗಿ ಊಟ ಮಾಡು. ಊರಿಗೆಲ್ಲ ಬಡಿಸಿ ತಾನು ತಳ ಕೆರೆದು ತಿನ್ನುವ ಚಾಳಿ ಬಿಡು. ಹೆಡ್ ಕುಕ್ ಆಗುತ್ತಿರುವುದಕ್ಕೆ ನನಗೆ ಎಷ್ಟು ಹೆಮ್ಮೆ ಎಂದು ಇಷ್ಟೆಲ್ಲದರ ಮಧ್ಯೆ ಹೇಳಲಾಗಲಿಲ್ಲ. ನೂರು ವರ್ಷ ಚೆನ್ನಾಗಿರು.

ನಿನ್ನ
ಅಕ್ಕ

ಮರೆತಿದ್ದೆ: ಅಂಚೆಯವರು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಗುರುವಾರ ಸಂಜೆ ಹೊಲಿಗೆ ಅತ್ತೆ ವಾಚು ಒಯ್ಯಲು ಬರುತ್ತಾರೆ. ಅಮ್ಮನಿಗೆ ಹೂಂ ಅಂದಿದ್ದೇನೆ, ಆದರೆ ಸುಮ್ಮನೆ ಕೊಟ್ಟರೆ ಅವರು ಅಪ್ಪನ ಫೋಟೋಗೆ ಕೈಮುಗಿದು ಹೋಗುತ್ತಾರೆ, ಗಂಡ ಮಾತ್ರ ಪೆದ್ದನಾಗಿಯೇ ಉಳಿಯುತ್ತಾನೆ. ಕೂರಿಸಿ ಎಲ್ಲವನ್ನೂ ಹೇಳುತ್ತೇನೆ. ಅವರ ಮಕ್ಕಳನ್ನೂ ಕರೆದುಕೊಂಡು ಬರಲು ಹೇಳಿ ಕಳಿಸಿದ್ದೇನೆ. ಆಮೇಲೆ ಬೀದಿ ನಮ್ಮನ್ನು ಏನೆನ್ನುತ್ತದೋ, ಅಮ್ಮ ನನ್ನ ಜೊತೆ ಮಾತಾಡುತ್ತಾರೋ ಇಲ್ಲವೋ ಗೊತ್ತಿಲ್ಲ. ಈ ಪತ್ರ ನಿನ್ನ ಹಡಗು ಮುಟ್ಟುವಷ್ಟರಲ್ಲಿ ಗುರುವಾರ ಕಳೆದು ವಾರಗಳಾಗಿರುತ್ತವೆ. ಫೋನ್ ಮಾಡಬಹುದಿತ್ತು. ಮಾಡಿದ್ದರೆ ನೀನು ಬೇಡಕ್ಕಾ ಅನ್ನುತ್ತಿದ್ದೆ, ನಾನು ಕೇಳಿಬಿಡುತ್ತಿದ್ದೆ.