ಅಗುಳಿನಿಂದ ಅಂಟಿಸಿದ ಅರ್ಜಿ

ಎಕ್ಕಂಬಿ, ಸೋಮವಾರ

ಹೈಸ್ಕೂಲಿನ ಹೆಡ್ ಮಾಸ್ತರರಿಗೆ ದುರ್ಗಮ್ಮನ ನಮಸ್ಕಾರ.

ಹತ್ತನೇ ಕ್ಲಾಸಿನ ತನುಜಾ ನನ್ನ ಮೊಮ್ಮಗಳು. ಗಣಿತದ ಮಾಸ್ತರರು ರಜೆ ಹಾಕಿ ಮಾಡದೇ ಬಿಟ್ಟ ಎರಡು ಪಾಠದಿಂದಲೇ ನೀವು ಪರೀಕ್ಷೆಯಲ್ಲಿ ಅರ್ಧ ಪ್ರಶ್ನೆ ಕೇಳಿದಿರಿ. ಪಾಠ ಮಾಡಿ, ಮತ್ತೆ ಪರೀಕ್ಷೆ ಇಡಿ ಎಂದು ಅವಳು ಕನ್ನಡದಲ್ಲಿ ಅರ್ಜಿ ಬರೆದಳು. ನಿಮ್ಮಲ್ಲಿ ಇಂಗ್ಲಿಷ್ ಕಲಿಸುವ ಅಕ್ಕೋರು ಅದನ್ನು ಹರಿದು, "ಹೀಂಗೆಲ್ಲ ಬರೀಬಾರ್ದು, ಇಂಗ್ಲಿಷಿನ ಚೆಂದದ ಶಬ್ದ ಹಾಕು" ಎಂದು ಮೂರು ಸಲ ತಿದ್ದಿಸಿದರಂತೆ.

ಕೊನೆಗೆ ಉಳಿದದ್ದನ್ನು ಅವಳಿಂದ ಓದಿಸಿದೆ.

"ಪರೀಕ್ಷೆ ಚಾಲೆಂಜಿಂಗ್ ಆಗಿತ್ತು, ಅವಕಾಶಕ್ಕೆ ಥ್ಯಾಂಕ್ಸ್ ಅಂತ ಅದೆ ಅಜ್ಜಿ."

"ಮತ್ತೆ ಪರೀಕ್ಷೆ ಇಡಿ ಅಂದದ್ದು ಎಲ್ಲಿ ಹೋಯ್ತೇ?" ಎಂದೆ. ಹುಡುಗಿ ಅತ್ತುಬಿಟ್ಟಳು.

ಹುಳ ಬಿದ್ದ ಮಿಡಿ ಉಪ್ಪಿನಕಾಯಿ ಬಡಿಸಿ, ಹೊಗಳಿಕೊಂಡು ಉಣ್ಣಿ ಎಂದರೆ ನೀವು ಉಣ್ಣುತ್ತೀರಾ ಮಾಸ್ತರರೇ?

ಅವಳು ಆಯ್ದು ತಂದ ಹರಿದ ಕನ್ನಡ ಅರ್ಜಿಯನ್ನು ಅನ್ನದ ಅಗುಳಿನಿಂದ ಅಂಟಿಸಿ ಇದರೊಳಗೆ ಇಟ್ಟಿದ್ದೇನೆ. ಪರೀಕ್ಷೆಯ ತಾರೀಖು ಬರೆದು, ಸಹಿ ಹಾಕಿ ಕಳಿಸಿ. ಗುರುವಾರದೊಳಗೆ ಬಾರದಿದ್ದರೆ ಮೊದಲ ಬಸ್ಸಿಗೆ ನಾನೇ ಬರುತ್ತೇನೆ. ನಾನು ಓದಿದ್ದು ನಾಲ್ಕನೇ ಇಯತ್ತೆ. ಚೆಂದದ ಶಬ್ದ ಒಂದೂ ಬರುವುದಿಲ್ಲ.

ಇಂತಿ,
ತನುಜಾಳ ಅಜ್ಜಿ
ದುರ್ಗಮ್ಮ