ಕ್ಲೋರಿನ್ ಯಾಕೆ ಚಿಕ್ಕದು

ಭಾನುವಾರ, ಬೆಳಿಗ್ಗೆ

ಅಮ್ಮಾ,

ಕಣ್ಣಿನ ಪಟ್ಟಿ ಬಿಚ್ಚಿದರಾ? ಡಾಕ್ಟರು ಇನ್ನೂ ಓದಬೇಡಿ ಎಂದಿದ್ದರೆ ಕದ್ದು ಓದಲು ಹೋಗಬೇಡ. ಹೋದ ಕಾಗದವನ್ನು ಪಕ್ಕದ ಮನೆಯ ನರ್ಸಮ್ಮ ಓದಿ ಹೇಳಿದರೆಂದು ನೀನು ಫೋನಿನಲ್ಲಿ ಅಂದೆ. ಇದನ್ನೂ ಅವರೇ ಓದಲಿ. ಅವರಿಗೆ ನನ್ನ ನಮಸ್ಕಾರ.

ಬೆಳಗಿನಿಂದ ಕಾಲು ನಿಂತಲ್ಲಿ ನಿಲ್ಲುತ್ತಿಲ್ಲ. ಬರೆಯಲು ಕೂರುತ್ತೇನೆ, ಏಳುತ್ತೇನೆ, ಕಿಟಕಿ ತೆಗೆಯುತ್ತೇನೆ, ಮುಚ್ಚುತ್ತೇನೆ. ಅಪ್ಪ ನನಗೆ ಬುಗುರಿ ಎಂದು ಸುಮ್ಮನೆ ಹೆಸರಿಟ್ಟರೇ? ಕುರ್ಚಿ ಸರಿಯಿಲ್ಲ ಎಂದು ನೆಪ ಹೇಳೋಣವೆಂದರೆ ಈಗ ಅದೂ ಸಾಧ್ಯವಿಲ್ಲ.

ಮರದ ಗುಂಡುಗಳ ಪೆಟ್ಟಿಗೆ ಬಂತು. ಪ್ರಯೋಗಾಲಯದ ಗೋಡೆಗೆ ಆವರ್ತ ಕೋಷ್ಟಕದ ಮಾದರಿ ಮಾಡೋಣ, ಒಂದೊಂದು ಮೂಲವಸ್ತುವಿಗೆ ಅದರ ಪರಮಾಣುವಿನ ಗಾತ್ರಕ್ಕೆ ತಕ್ಕ ಗುಂಡು ಎಂದು ನಾನೇ ಶಾಲೆಯಲ್ಲಿ ಶುರುಮಾಡಿದ್ದು. ಯಾರು ಮಾಡಿಕೊಡುತ್ತಾರೆ ಎಂದು ಹೆಡ್‌ಮಿಸ್ ಕೇಳಿದರು. ನಮ್ಮಪ್ಪ ಮರ ಕಡೆಯುವವರು, ಅವರ ಕೈಗೆ ಸಾಟಿಯಿಲ್ಲ ಎಂದು ಕೊಚ್ಚಿಕೊಂಡೆ. ನಾನು ಮನೆ ಬಿಟ್ಟಾಗಿನಿಂದ ಅವರು ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ ಎಂಬುದನ್ನು ಮಾತ್ರ ನುಂಗಿಕೊಂಡೆ. ಅಳತೆಯನ್ನೂ ನಿನ್ನ ಮೂಲಕವೇ ಕಳಿಸಿದೆ.

ಪೆಟ್ಟಿಗೆಯನ್ನು ಜಂಬದಿಂದ ಮಕ್ಕಳ ಎದುರೇ ಬಿಚ್ಚಿದೆ. ನುಣುಪೆಂದರೆ ನುಣುಪು, ಒಂದೊಂದರ ಮೇಲೂ ಹೆಸರು ಆಳವಾಗಿ ಕೆತ್ತಿದ್ದಾರೆ. ಆದರೆ ಅಡ್ಡ ಸಾಲುಗಳೆಲ್ಲ ಉಲ್ಟಾ! ಸೋಡಿಯಂ ನಿಂಬೆಹಣ್ಣಿನಷ್ಟು, ಕ್ಲೋರಿನ್ ಕಿತ್ತಳೆಯಷ್ಟು. ಹಿಂದಿನ ಬೆಂಚಿನವರು ನಗಲು ಶುರುಮಾಡಿದರು. ನಿನಗೆ ಫೋನ್ ಮಾಡಿದರೆ ಅಪ್ಪನ ಉತ್ತರ ನಿನ್ನ ಬಾಯಲ್ಲಿ ಬಂತು: ಅವಳು ಗಡಿಬಿಡೀಲಿ ಅಳತೆ ತಿರುಗಾಮುರುಗಾ ಬರ್ದಿದಾಳೆ, ನಾನು ಸರಿ ಮಾಡಿದೀನಿ. ಸರಿ ಮಾಡಿದ್ದಾರಂತೆ! ಗಿರಾಕಿ ಕೊಟ್ಟ ಅಳತೆಯನ್ನೇ ತಿದ್ದುವವರು ಈ ಲೋಕದಲ್ಲಿ ಇನ್ನೊಬ್ಬರಿದ್ದರೆ ತೋರಿಸು. ಮೊದಲು ಸಿಟ್ಟು ನೆತ್ತಿಗೇರಿತು, ಆಮೇಲೆ ನಗು ಬಂತು. ಸೋಡಿಯಂ ಹನ್ನೊಂದನೆಯದು, ಕ್ಲೋರಿನ್ ಹದಿನೇಳನೆಯದು. ಒಳಗೆ ಹೆಚ್ಚು ತುಂಬಿದ್ದು ದೊಡ್ಡದಾಗಿರಬೇಕು ತಾನೇ? ನನ್ನ ಮಕ್ಕಳೂ ವರ್ಷವರ್ಷ ಹೀಗೆಯೇ ಬರೆದು ಅಂಕ ಕಳೆದುಕೊಳ್ಳುತ್ತಾರೆ.

ಇನ್ನು ಮುಂದಿನದನ್ನು ನರ್ಸಮ್ಮ ಸ್ವಲ್ಪ ನಿಧಾನವಾಗಿ ಓದಲಿ. ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇದೆ. ಅದರೊಳಗಿನ ಪ್ರೋಟಾನುಗಳು ಸುತ್ತಲಿನ ಇಲೆಕ್ಟ್ರಾನುಗಳನ್ನು ತಮ್ಮತ್ತ ಎಳೆಯುತ್ತವೆ. ಹೊರಸುತ್ತಿನಲ್ಲಿರುವುದಕ್ಕೆ ಆ ಎಳೆತ ಪೂರ್ತಿ ಸಿಗುವುದಿಲ್ಲ, ಒಳಸುತ್ತಿನವು ಅಡ್ಡ ನಿಂತು ಬಹುಪಾಲು ತಡೆಯುತ್ತವೆ. ತಡೆದು ಉಳಿದದ್ದಕ್ಕೇ ಪರಿಣಾಮಕಾರಿ ನ್ಯೂಕ್ಲಿಯರ್ ಆವೇಶ ಎಂದು ಹೆಸರು. ಸೋಡಿಯಂನಲ್ಲಿ ಪ್ರೋಟಾನು ಹನ್ನೊಂದು, ಅಡ್ಡ ನಿಂತವು ಹತ್ತು. ಸ್ಥೂಲ ಲೆಕ್ಕದಲ್ಲಿ ಹೊರಗಿನ ಒಂಟಿಗೆ ತಲುಪುವುದು ಒಂದರಷ್ಟು. ಹಾಗಾಗಿ ಅದು ದೂರದಲ್ಲೇ ಅಲೆಯುತ್ತದೆ, ಗುಂಡು ದೊಡ್ಡದು. ಕ್ಲೋರಿನ್‌ನಲ್ಲಿ ಪ್ರೋಟಾನು ಹದಿನೇಳು, ಅಡ್ಡ ನಿಂತವು ಅದೇ ಹತ್ತು. ಹೊರಸುತ್ತಿನಲ್ಲಿ ಏಳು ಕೂಡಿದ್ದರೂ ಅವು ಒಂದಕ್ಕೊಂದು ಅಷ್ಟಾಗಿ ಅಡ್ಡ ಬರುವುದಿಲ್ಲ. ಹೆಚ್ಚೂಕಡಿಮೆ ಏಳರಷ್ಟು ಎಳೆತ ಎಲ್ಲವನ್ನೂ ಹತ್ತಿರಕ್ಕೆ ಜಗ್ಗುತ್ತದೆ, ಗುಂಡು ಕುಗ್ಗುತ್ತದೆ. ಸೋಡಿಯಂನ ಕೆಳಗಿರುವ ಪೊಟ್ಯಾಸಿಯಂ ಮಾತ್ರ ಇನ್ನೂ ದೊಡ್ಡದು, ಅಲ್ಲಿ ಇನ್ನೊಂದು ಸುತ್ತೇ ಸೇರಿದೆ.

ಇಷ್ಟು ಬರೆದು ಮತ್ತೆ ಎದ್ದು ಹೋಗಿದ್ದೆ. ಬರೆಯಲೋ ಬೇಡವೋ ಎಂದು ಕೋಣೆಯೆಲ್ಲ ಸುತ್ತಿ ಬಂದೆ.

ಅಮ್ಮಾ, ಬೇಸರ ಮಾಡಿಕೊಳ್ಳಬೇಡ. ಅಪ್ಪನಿಗೂ ನನಗೂ ನಡುವೆ ನೀನೊಬ್ಬಳೇ ಆ ಹತ್ತರಷ್ಟು ಅಡ್ಡ ನಿಂತಿದ್ದೀಯ. ಲೇತ್ ಮಷಿನ್ನಿನ ಮುಂದೆ ತಮ್ಮ ಜಾಗದಲ್ಲಿ ನಾನು ನಿಲ್ಲಬೇಕೆಂದು ಅವರು ಆಸೆಪಟ್ಟರು, ನಾನು ಪಾಠ ಹೇಳಲು ಹೊರಟೆ. ಹೋಗೋದಾದ್ರೆ ಹೋಗು, ನನ್ನ ಮಾತಾಡಿಸ್ಬೇಡ ಎಂದುಬಿಟ್ಟರು. ಅಲ್ಲಿಂದ ಮುಂದೆ ಅವರು ಬೈದರೆ ನೀನು ನನಗೆ ‘ಬೇಜಾರು ಮಾಡ್ಕೊಂಡ್ರು’ ಅನ್ನುತ್ತೀಯ, ನಾನು ಅತ್ತರೆ ಅವರಿಗೆ ‘ನೆಗಡಿಯಂತೆ’ ಅನ್ನುತ್ತೀಯ. ನಮ್ಮಿಬ್ಬರಿಗೂ ಏಟು ತಾಗದ ಹಾಗೆ ನೋಡಿಕೊಂಡೆ, ನಿಜ. ಆದರೆ ಅದರ ಜೊತೆಗೆ ಇನ್ನೇನೇನು ನಿನ್ನಲ್ಲೇ ಉಳಿದುಹೋಯಿತೋ! ಅವರು ನನ್ನನ್ನು ಕೇಳುತ್ತಾರಾ? ಊಟಕ್ಕೆ ಕೂತಾಗ ನೆನೆಯುತ್ತಾರಾ? ನನಗೆ ಬಂದು ಮುಟ್ಟುವುದು ಅಷ್ಟರಲ್ಲಿ ಮಿಕ್ಕ ಚೂರು. ಅದಕ್ಕೇ ಹೀಗೆ ದೂರದಲ್ಲಿ ಸುತ್ತುತ್ತಿದ್ದೇನೆ. ನನಗೆ ಅಪ್ಪನ ಧ್ವನಿ ಕೇಳಬೇಕು ಅಮ್ಮಾ. ಬೈಗುಳವಾದರೂ ಚಿಂತೆಯಿಲ್ಲ, ಪೂರ್ತಿ ಬರಲಿ.

ನಾಳೆಯಲ್ಲ, ಅದರ ಮುಂದಿನ ಸೋಮವಾರ ಮಾದರಿ ಗೋಡೆಗೆ ಏರಬೇಕು. ಹೆಸರು ಕೆತ್ತಿರುವುದರಿಂದ ಗುಂಡುಗಳನ್ನು ಅದಲುಬದಲು ಮಾಡೋಣವೆಂದರೂ ಆಗುತ್ತಿಲ್ಲ. ಹೆಡ್‌ಮಿಸ್ ಬೇರೆಯವರ ಹತ್ತಿರ ಮಾಡಿಸಿ ಅಂದರು. ಆಗುವುದಿಲ್ಲ ಎಂದೆ.

ಕಣ್ಣು ಜೋಪಾನ.

ನಿನ್ನ
ಬುಗುರಿ

ಮರೆತಿದ್ದೆ: ಇಲ್ಲಿಂದ ಮುಂದೆ ಜೋರಾಗಿ ಓದಬೇಡಿ, ಅಪ್ಪಾ. ಮನಸ್ಸಿನಲ್ಲೇ ಓದಿಕೊಳ್ಳಿ. ನನ್ನ ಕುರ್ಚಿಯ ಎಡಗಡೆ ಹಿಂಗಾಲು ಗಿಡ್ಡ, ಅಪ್ಪನಿಗೆ ಹೇಳಬೇಡ ಎಂದು ಹೋದ ಕಾಗದದಲ್ಲಿ ಅಮ್ಮನಿಗೆ ಬರೆದಿದ್ದೆ. ಗುಂಡುಗಳ ಪೆಟ್ಟಿಗೆಯ ತಳದಲ್ಲಿ, ಬಟ್ಟೆ ಸುತ್ತಿದ ಮರದ ಬಿಲ್ಲೆಯೊಂದು ಸಿಕ್ಕಿತು. ಆ ಕಾಲಿನ ಅಡಿ ಅಚ್ಚುಕಟ್ಟಾಗಿ ಕೂತಿದೆ. ನರ್ಸಮ್ಮನಿಗೆ ಮರ ಕಡೆಯಲು ಬರುವುದಿಲ್ಲ. ಶನಿವಾರದ ಬಸ್ಸಿಗೆ ಉಳಿ, ಮರಳುಕಾಗದ ತೆಗೆದುಕೊಂಡು ಬನ್ನಿ, ಹೆಸರು ಉಜ್ಜಿ ಇಲ್ಲೇ ಬೇರೆ ಕೆತ್ತೋಣ. ನೀವು ಎಷ್ಟು ಹೊತ್ತು ಬೈದರೂ ಎದ್ದು ಹೋಗುವುದಿಲ್ಲ. ಕುರ್ಚಿ ಈಗ ಅಲುಗಾಡುತ್ತಿಲ್ಲ.