ನಿನ್ನ ಅಳತೆ

ಅಪ್ಪಾ,

ನಿನ್ನ ಬೇಟೆಗಾರ ಗೆಳೆಯನ ಮಗಳು ಇವತ್ತು ತಂದೆಯ ಹಳೆಯ ಕೇಪಿನ ಕೋವಿಯನ್ನು, ಅದೇ ಬಾಯಿಯಿಂದ ಮದ್ದು ತುಂಬುವುದನ್ನು, ನಮ್ಮ ಕೋವಿ ರಿಪೇರಿ ಅಂಗಡಿಗೆ ತಂದಳು. ಕೋಲು ಇಳಿಸಿ ನೋಡಿದರೆ ನಳಿಗೆಯ ತಳದಲ್ಲಿ ಮದ್ದು ಹಾಗೇ ಇತ್ತು.

"ನಿಮ್ಮಪ್ಪನೇ ತುಂಬಿಕೊಟ್ಟಿದ್ದಂತೆ. ಆಮೇಲೆ ಯಾರೂ ಮುಟ್ಟಿಲ್ಲ," ಅಂದಳು.

ಹಳೆಯ ನಳಿಗೆಗೆ ಇಷ್ಟೇ ಸಾಕೆಂದು ನೀನು ಹಿತ್ತಾಳೆಯ ಪುಟ್ಟ ಬಟ್ಟಲಲ್ಲಿ ಮದ್ದು ಅಳೆಯುತ್ತಿದ್ದೆ. "ನಿನ್ನ ಅಳತೆಗೆ ಕಾಗೇನೂ ಹೆದರಲ್ಲ" ಎಂದು ಅದನ್ನು ಗುಜರಿಗೆ ಹಾಕಿ, ದೊಡ್ಡದನ್ನು ತಂದವನು ನಾನು. ನೀನು ಹೋದ ಮರುವರ್ಷ ನನ್ನ ಅಳತೆಗೆ ಒಂದು ನಳಿಗೆ ಸೀಳಿಹೋಯಿತು.

ಇವತ್ತು ನಿನ್ನ ಮದ್ದನ್ನು ಒಂದು ಕಾಳೂ ಚೆಲ್ಲದಂತೆ ಹೊರತೆಗೆದು ನನ್ನ ಬಟ್ಟಲಿಗೆ ಸುರಿದೆ. ಅರ್ಧಕ್ಕಿಂತ ತುಸು ಮೇಲೆ ನಿಂತಿತು. ಅಲ್ಲಿಗೆ ಗೆರೆ ಎಳೆದು, ಉಳಿದ ಅಂಚನ್ನು ಅರದಿಂದ ಸವೆಸುತ್ತಿದ್ದೇನೆ. ನಿಧಾನವಾಗುತ್ತಿದೆ, ಎಡಗೈಯಲ್ಲಿ ಉಳಿದಿರುವುದು ಮೂರೇ ಬೆರಳು.